ಮೊಗಲ್ ಬಾದಶಹರು ಚಿತ್ರಗಳಲ್ಲಿ ನಮ್ಮತ್ತ ಏಕೆ ನೋಡುವುದಿಲ್ಲ?

ಪ್ರಶ್ನೆ: ಮೊಗಲ್ ಚಿಕಣಿ ಚಿತ್ರಗಳಲ್ಲಿ ಬಾದಶಹರ ಮುಖ ಹೆಚ್ಚಾಗಿ ಒಂದು ಪಕ್ಕದಿಂದ ಮಾತ್ರ ಕಾಣುತ್ತದೆ. ಎದುರಿನಿಂದ ಮುಖ ಬರೆಯುವುದು ಆ ಚಿತ್ರಕಾರರಿಗೆ ಬರುತ್ತಿರಲಿಲ್ಲವೇ?

ಉತ್ತರ: ಚೆನ್ನಾಗಿಯೇ ಬರುತ್ತಿತ್ತು. ಜಹಾಂಗೀರನ (ಆಳ್ವಿಕೆ 1605–1627) ಚಿತ್ರಕಾರ ಬಿಚಿತ್ರನ ಒಂದು ಹಾಳೆಯೇ ಇದಕ್ಕೆ ಸಾಕ್ಷಿ. ಅದು ಈಗ ವಾಷಿಂಗ್ಟನ್ನಿನ ಫ್ರೀರ್ ಸಂಗ್ರಹದಲ್ಲಿದೆ. ಮರಳುಗಡಿಯಾರದ ಆಸನದ ಮೇಲೆ ಕುಳಿತ ಬಾದಶಹ ಸೂಫಿ ಸಂತನೊಬ್ಬನಿಗೆ ಗ್ರಂಥ ಕೊಡುತ್ತಿದ್ದಾನೆ, ಕೆಳಗೆ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಇದ್ದಾನೆ. ಯುರೋಪಿನ ಭಾವಚಿತ್ರವೊಂದನ್ನು ನೋಡಿ ಬರೆದ ಜೇಮ್ಸನ ಮುಖ ಮುಕ್ಕಾಲು ಪಾಲು ನಮ್ಮತ್ತ ತಿರುಗಿದ್ದರೆ, ಜಹಾಂಗೀರನ ಮುಖ ನಾಣ್ಯದ ಮೇಲೆ ಟಂಕಿಸಿದಂತೆ ಪೂರ್ಣ ಪಾರ್ಶ್ವದಲ್ಲಿದೆ. ಎರಡನ್ನೂ ಬರೆದದ್ದು ಒಂದೇ ಕೈ.

ಹಾಗಾದರೆ ಪಾರ್ಶ್ವಮುಖವನ್ನೇ ಏಕೆ ಆರಿಸಿಕೊಂಡರು? ಅಕ್ಬರನು ತಾನೇ ಚಿತ್ರಕಾರರ ಮುಂದೆ ಕುಳಿತು, ಆಸ್ಥಾನಿಕರೆಲ್ಲರ ಭಾವಚಿತ್ರಗಳನ್ನೂ ಬರೆಸಿ ದೊಡ್ಡ ಸಂಪುಟ ಮಾಡಿಸಿದನೆಂದು ಅವನ ಆಸ್ಥಾನದ ಚರಿತ್ರಕಾರ ಅಬುಲ್ ಫಜಲ್ ದಾಖಲಿಸಿದ್ದಾನೆ. ಅಂದರೆ ಆಸ್ಥಾನಕ್ಕೆ ಬೇಕಾಗಿದ್ದದ್ದು ಗುರುತು ಸಿಗುವ ಮುಖ. ಹಣೆಯಿಂದ ಮೂಗು, ತುಟಿ, ಗಲ್ಲದವರೆಗೆ ಇಳಿಯುವ ಒಂದೇ ಗೆರೆ ಆ ಗುರುತನ್ನು ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಆ ಗೆರೆಯನ್ನು ಮತ್ತೆ ಮತ್ತೆ ಬಳಸುವುದೂ ಸುಲಭವಾಗಿತ್ತು: ಬೆಳಕು ಹಾಯುವಷ್ಟು ತೆಳುವಾದ ಜಿಂಕೆ ಚರ್ಮದ ಮೇಲೆ ಮುಖವನ್ನು ಪಡಿಯಚ್ಚಾಗಿ ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹೊಸ ಕಾಗದದ ಮೇಲಿಟ್ಟು ಇದ್ದಿಲ ಪುಡಿ ಉದುರಿಸುತ್ತಿದ್ದರು. ಇದಕ್ಕೆ ‘ಚರ್ಬಾ’ ಎಂದು ಹೆಸರು. ಪುಡಿಯ ಚುಕ್ಕಿಗಳನ್ನು ಕೂಡಿಸಿದ ಮೇಲೆ, ಅಳಿಲ ಬಾಲದ ಕೂದಲಿನ ಕುಂಚದಿಂದ ಗಡ್ಡ, ಮೀಸೆ, ಕಿವಿಯ ಮುತ್ತು ಮೂಡುತ್ತಿದ್ದವು.

ಆದರೆ ಅನುಕೂಲವೊಂದೇ ಕಾರಣವಲ್ಲವೆಂದು ನನಗೆ ತೋರುತ್ತದೆ. ಅಕ್ಬರನ ಕಾಲದಿಂದ ಬಾದಶಹರು ಮುಂಜಾನೆ ಝರೋಕಾದಲ್ಲಿ, ಅಂದರೆ ಅರಮನೆಯ ಗೋಡೆಯಿಂದ ಹೊರಚಾಚಿದ ಕಿಟಕಿಯಲ್ಲಿ, ಕುಳಿತು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು; ಚಿತ್ರದ ದೊರೆಯೂ ದರ್ಶನ ಕೊಡುತ್ತಾನೆಯೇ ಹೊರತು ನೋಡುವವನೊಡನೆ ಕಣ್ಣು ಬೆರೆಸುವುದಿಲ್ಲ. ಜಹಾಂಗೀರನ ತಲೆಯ ಹಿಂದೆ ಬೆಳಗುವ ಪ್ರಭಾವಳಿಯೂ ಆ ಅಂತರವನ್ನೇ ಹೆಚ್ಚಿಸುತ್ತದೆ.

ಅದೇ ಕಾಲದ ನಮ್ಮ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನನ್ನು (ಆಳ್ವಿಕೆ 1580–1627) ಬರೆದವರು ಬೇರೆಯ ಹಾದಿ ಹಿಡಿದರು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಚಿತ್ರದಲ್ಲಿ ಸಂಗೀತಪ್ರಿಯನಾದ ಆ ಸುಲ್ತಾನನ ತುಂಬಿದ ಮುಖ ಮುಕ್ಕಾಲು ಪಾಲು ಕಾಣುತ್ತದೆ. ಕೈಯಲ್ಲಿ ತಾಳ ಹಾಕುವ ಚಿಟಿಕೆಗಳಿವೆ, ಕೊರಳಲ್ಲಿ ಆಭರಣಗಳ ಜೊತೆಗೆ ರುದ್ರಾಕ್ಷಿಯ ಸರವಿದೆ.