ಗೀಸರ್ ಯಾವಾಗ ಸೋರುತ್ತದೆ? ಪ್ಲಂಬರ್ ಟ್ರೇಡ್ ಕಲಿಯುವವರಿಗೆ ಒಂದು ಟಿಪ್ಪಣಿ

ವಿಜಯಪುರದಲ್ಲಿ ನಮ್ಮ ಕಾಕಾನ ಮನೆ. ಬಚ್ಚಲಿನಲ್ಲಿ 25 ಲೀಟರಿನ ಗೀಸರ್. ಅದು ಸೋರಲು ಶುರುವಾಗಿ ಎರಡು ತಿಂಗಳಾಗಿತ್ತು. ಒಬ್ಬರು ಬಂದು ವಾಷರ್ ಬದಲಿಸಿದರು. ಇನ್ನೊಬ್ಬರು ಟೆಫ್ಲಾನ್ ಟೇಪ್ ಸುತ್ತಿದರು. ಹನಿ ನಿಲ್ಲಲಿಲ್ಲ. ನಾನು ಪ್ಲಂಬರ್ ಟ್ರೇಡ್ ಓದುತ್ತಿದ್ದೇನೆ ಅಂತ ಕಾಕಾ ನನ್ನನ್ನು ಕರೆದರು.

ಬಂದವರೆಲ್ಲ ಎಲ್ಲಿ ಸೋರುತ್ತದೆ ಅಂತ ನೋಡಿದ್ದರು. ಯಾವಾಗ ಸೋರುತ್ತದೆ ಅಂತ ಯಾರೂ ಕೇಳಿರಲಿಲ್ಲ. ನಾನು ಕೇಳಿದಾಗ ಕಾಕು ಹೇಳಿದರು: "ರಾತ್ರಿ ಎಲ್ಲಾ ತಟಕ್ ತಟಕ್ ಅಂತೈತಿ ನೋಡಪಾ. ಮುಂಜಾನೆ ಬಟನ್ ಹಾಕಿದ ಮ್ಯಾಲ ಇನ್ನೂ ಜೋರ." ಈ ಎರಡು ಮಾತಿನಲ್ಲಿ ಎರಡು ಬೇರೆ ಬೇರೆ ಹನಿಗಳಿವೆ. ಅವನ್ನು ಬೇರ್ಪಡಿಸುವುದೇ ಇಲ್ಲಿನ ಪಾಠ.

ಮೊದಲು ಜಾಗದ ವಿಷಯ ಮುಗಿಸೋಣ. ಮೇನ್ ಸ್ವಿಚ್ ಆಫ್ ಮಾಡಿ, ಗೀಸರ್ ತಣ್ಣಗಾಗಲು ಬಿಡಿ. ಎಲ್ಲ ಜೋಡಣೆಗಳನ್ನೂ ಒಣ ಬಟ್ಟೆಯಿಂದ ಒರೆಸಿ. ಮೇಲೆ ಖಡು, ಅಂದರೆ ಸೀಮೆಸುಣ್ಣ, ಚೆನ್ನಾಗಿ ತಿಕ್ಕಿ ಕಾಯಿರಿ. ನೀರು ಪೈಪಿನ ಮೈ ಹಿಡಿದು ಇಳಿದು ತಗ್ಗಿನಲ್ಲಿ ಬೀಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಬೇಡಿ, ಖಡು ಒದ್ದೆಯಾದ ಅತಿ ಮೇಲಿನ ಜಾಗ ನೋಡಿ. ನಮ್ಮ ಕಡೆ ಬೋರ್ ನೀರು ಗಡಸು. ಅದು ಸೋರಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ, ಹಳೆಯ ಸೋರಿಕೆಯ ದಾರಿ ಕಣ್ಣಿಗೇ ಕಾಣುತ್ತದೆ. ಕಲೆ ಕೆಂಪು ಕಂದು ಬಣ್ಣದ್ದಾಗಿದ್ದು, ಕೆಳಗಿನ ಕವರ್ ಒಳಗಿಂದ ಬರುತ್ತಿದ್ದರೆ ವಿಷಯ ಬೇರೆ. ಅದು ತುಕ್ಕು. ನೀರು ಕಾಯಿಸುವ ಕಾಯಿಲ್ ಕೂರಿಸಿದ ತಟ್ಟೆ, ಅಂದರೆ ಫ್ಲ್ಯಾಂಜಿನ, ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗಿದ್ದರೆ ಬದಲಿಸಬಹುದು. ಟ್ಯಾಂಕೇ ತೂತಾಗಿದ್ದರೆ ಹೊಸ ಗೀಸರ್ ತರಬೇಕು, ಅಲ್ಲಿ ಬೆಸುಗೆ ನಂಬಬೇಡಿ.

ಕಾಕಾನ ಮನೆಯಲ್ಲಿ ಜೋಡಣೆಗಳ ಮೇಲಿನ ಖಡು ಒಣಗಿಯೇ ಇತ್ತು. ನೀರು ಬರುತ್ತಿದ್ದದ್ದು ತಣ್ಣೀರು ಒಳಗೆ ಹೋಗುವ ಕಡೆ ಇರುವ, ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವಿನ ಪುಟ್ಟ ಬಾಯಿಂದ.

ಈಗ ಹೊತ್ತು. ರಾತ್ರಿ 10ಕ್ಕೆ ಸ್ವಿಚ್ ಆಫ್ ಇಟ್ಟು ಕೆಳಗೆ ತಂಬಿಗೆ ಇಟ್ಟೆವು. ಬೆಳಿಗ್ಗೆ 6ಕ್ಕೆ ಅಳೆದರೆ 240 ಮಿಲಿ. ಸುಮಾರು 20 ಹನಿಗೆ 1 ಮಿಲಿ ಅಂತ ಹಿಡಿದರೆ ನಿಮಿಷಕ್ಕೆ 10 ಹನಿ. ಟ್ಯಾಂಕ್ ತಣ್ಣಗಿದ್ದಾಗ ಇಷ್ಟು ನೀರು ಯಾಕೆ ಬರಬೇಕು? ಲೆಕ್ಕ ಹಾಕಿ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಮಾಳಿಗೆ ಮೇಲಿನ ಟಾಂಕಿ 6 ಮೀಟರ್ ಮೇಲಿದೆ, ಅಂದರೆ 0.6 ಬಾರ್. ವಾಲ್ವಿನ ಮೇಲೆ ಬರೆದದ್ದು 8 ಬಾರ್, ಅಂದರೆ ಅಷ್ಟು ಒತ್ತಡವಾದಾಗ ಅದು ತೆರೆಯಬೇಕು. ಅಷ್ಟು ಒತ್ತಡಕ್ಕೆ 80 ಮೀಟರ್ ಎತ್ತರ ಬೇಕು. ಗೋಳಗುಮ್ಮಟದ ತುದಿಯಲ್ಲಿ ಟಾಂಕಿ ಇಟ್ಟರೂ ಸಾಲದು! ಅಂದಮೇಲೆ ಒತ್ತಡ ವಾಲ್ವನ್ನು ತೆರೆದಿಲ್ಲ. ವಾಲ್ವೇ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ.

ಅದರ ಲಿವರ್ ಎತ್ತಿ ನಾಲ್ಕೈದು ಸಲ ನೀರು ಹರಿಸಿದೆ. ರವೆಯಂಥ ಬಿಳಿ ಕಣಗಳು ಬಂದವು. ಗಡಸು ನೀರು ಕಾದಾಗ ಕಟ್ಟುವ ಸುಣ್ಣದ ಪದರ ಅದು. ಒಂದು ಕಣ ವಾಲ್ವಿನ ಸೀಟಿನಲ್ಲಿ, ಅಂದರೆ ಅದು ಮುಚ್ಚಿ ಕೂರುವ ಜಾಗದಲ್ಲಿ, ಸಿಕ್ಕಿಕೊಂಡರೂ ಸಾಕು, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅವತ್ತು ರಾತ್ರಿ ತಂಬಿಗೆ ಒಣಗಿತ್ತು. ತೊಳೆದರೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ, ಅದೇ ಬಾರ್ ಇರುವುದನ್ನೇ ಹಾಕಿ. ಲಿವರ್ ಎತ್ತುವಾಗ ನೀರು ತಣ್ಣಗಿರಲಿ, ಇದನ್ನು ಮರೆಯಬೇಡಿ.

ಆದರೆ ಮರುದಿನ ಮುಂಜಾನೆ ಬಟನ್ ಹಾಕಿದ ಸ್ವಲ್ಪ ಹೊತ್ತಿಗೆ ಮತ್ತೆ ಹನಿ! ಕಾಕಾನ ಮುಖ ಬಾಡಿತು. ಇದು ಎರಡನೇ ಹನಿ. ಇದು ಕೆಟ್ಟದ್ದಲ್ಲ.

20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ನೀರು ಸುಮಾರು ಒಂದೂವರೆ ಪರ್ಸೆಂಟ್ ಉಬ್ಬುತ್ತದೆ. 25 ಲೀಟರಿಗೆ ಅದು 380 ಮಿಲಿಯ ಆಸುಪಾಸು. ನಳ ಮುಚ್ಚಿದೆ. ಹಿಂದೆ ಟಾಂಕಿಗೆ ಹೋಗೋಣ ಅಂದರೆ ವಾಲ್ವಿನೊಳಗಿನ ನಾನ್ ರಿಟರ್ನ್, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ಭಾಗ, ತಡೆಯುತ್ತದೆ. ನೀರನ್ನು ಹಿಸುಕಿ ಕಿರಿದು ಮಾಡಲಿಕ್ಕೂ ಆಗುವುದಿಲ್ಲ. ಒತ್ತಡ ಏರುತ್ತದೆ, ವಾಲ್ವ್ ತೆರೆದು ಹೆಚ್ಚಾದ ನೀರನ್ನಷ್ಟೇ ಬಿಡುತ್ತದೆ. 2 ಕಿಲೋವ್ಯಾಟ್ ಕಾಯಿಲ್ ಇದ್ದರೆ ಅಷ್ಟು ಕಾಯಲು 35 ನಿಮಿಷ. ಬಿಸಿ ಏರಿದಂತೆ ನೀರು ಜಾಸ್ತಿ ಜಾಸ್ತಿ ಉಬ್ಬುವುದರಿಂದ ಹನಿಯೂ ಕೊನೆಕೊನೆಗೆ ಜೋರಾಗುತ್ತದೆ. ನೀರು ಸಾಕಷ್ಟು ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕಟ್ ಆಗಿ ದೀಪ ಆರಿದ ಮೇಲೆ ನಿಲ್ಲುತ್ತದೆ. ನಡುವೆ ಯಾರಾದರೂ ಬಿಸಿನೀರಿನ ನಳ ತಿರುವಿದರೆ ತಕ್ಷಣ ನಿಲ್ಲುತ್ತದೆ. ಈ ಗುರುತುಗಳು ಕಂಡರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ.

ಹೀಗೆ ಒತ್ತಡಕ್ಕೆ ದಾರಿ ಬಿಡುವುದು ನಮ್ಮೂರಿನವರಿಗೆ ಹೊಸದಲ್ಲ. ಆದಿಲ್ ಶಾಹಿ ಕಾಲದಲ್ಲಿ ತೊರವಿ, ಬೇಗಂ ತಲಾಬ್ ಕಡೆಯಿಂದ ಪೈಪಿನಲ್ಲಿ ನೀರು ತರುವಾಗ ದಾರಿಯಲ್ಲಿ ಗಂಜ್ ಅನ್ನುವ ಗೋಪುರಗಳನ್ನು ಕಟ್ಟಿದರು. ನೀರು ಅದರೊಳಗೆ ಏರಿ ಒತ್ತಡ ಇಳಿಯುತ್ತಿತ್ತು, ಪೈಪ್ ಒಡೆಯುತ್ತಿರಲಿಲ್ಲ. ಇವತ್ತೂ ಊರಲ್ಲಿ ಕೆಲವು ನಿಂತಿವೆ, ಹೋಗಿ ನೋಡಿ.

ಹಿಂದೆ ಬಂದವರೊಬ್ಬರು ಸೇಫ್ಟಿ ವಾಲ್ವಿನ ಬಾಯಿಗೆ ಡೆಡ್ ಪ್ಲಗ್, ಅಂದರೆ ಪೂರ್ತಿ ಮುಚ್ಚುವ ಬಿರಡೆ, ಹಾಕಿಬಿಡೋಣ ಅಂದಿದ್ದರಂತೆ. ಕಾಕು ಒಪ್ಪಲಿಲ್ಲ. ಅವರು ಒಪ್ಪದಿದ್ದದ್ದು ನೆನೆದರೆ ಈಗಲೂ ನನಗೆ ಸಮಾಧಾನ. ಬಾಯಿ ಮುಚ್ಚಿದ ಮೇಲೆ ಥರ್ಮೋಸ್ಟಾಟ್ ಕೈಕೊಟ್ಟರೆ ಟ್ಯಾಂಕ್ ಬಾಂಬಿನಂತೆ ಸಿಡಿಯಬಹುದು. ಯಾರು ಎಷ್ಟೇ ಒತ್ತಾಯ ಮಾಡಲಿ, ಆ ಬಾಯಿಗೆ ಪ್ಲಗ್ ಬೇಡ, ಕಡ್ಡಿ ಬೇಡ, ನಳವೂ ಬೇಡ.

ಸೋಲಾರ್ ಇರುವ ಮನೆಗೂ ಇದೇ ಪ್ರಶ್ನೆ ಕೇಳಿ. ಮಾಳಿಗೆ ಮೇಲಿನ ಏರ್ ವೆಂಟ್ ಪೈಪಿನಿಂದ ನೀರು ಬರುವುದು ಟಾಂಕಿ ತುಂಬುವಾಗಲಾ? ಹಾಗಾದರೆ ಟಾಂಕಿಯ ಫ್ಲೋಟ್ ವಾಲ್ವ್ ನೋಡಿ, ವೆಂಟ್ ಪೈಪ್ ಟಾಂಕಿ ನೀರಿನ ಮಟ್ಟಕ್ಕಿಂತ ಎತ್ತರ ಇದೆಯಾ ನೋಡಿ. ಪ್ರೆಶರ್ ಪಂಪ್ ಓಡುವಾಗ ಮಾತ್ರವಾ? ಆಗ ಕೆಳಗಿನ ಬಚ್ಚಲಿನ ಮಿಕ್ಸರ್, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ನಳದ, ಮೇಲೆ ಅನುಮಾನ ಪಡಿ. ಅಲ್ಲಿ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗಿ ಮೇಲೆ ಏರುತ್ತಿರಬಹುದು.

ಕಾಕಾನ ಮನೆಯಲ್ಲಿ ಉಳಿದದ್ದು ಒಂದೇ ಕೆಲಸ. ವಾಲ್ವಿನ ಬಾಯಿಗೆ ಸಣ್ಣ ಪೈಪ್ ಕೂರಿಸಿ, ಉದ್ದಕ್ಕೂ ಇಳಿಜಾರು ಕೊಟ್ಟು, ಬಚ್ಚಲಿನ ಮೂಲೆಗೆ ಬಿಟ್ಟೆ. ತುದಿ ನೆಲದಿಂದ ಒಂದು ಗೇಣು ಮೇಲೆ, ತೆರೆದೇ ಇದೆ. ಹನಿ ಬೀಳುವುದು ಕಾಕುಗೆ ಕಾಣಬೇಕು. ದೀಪ ಆರಿದ ಮೇಲೂ ಅದು ಬೀಳುತ್ತಲೇ ಇದ್ದರೆ ನನಗೆ ಫೋನ್ ಮಾಡಿ ಅಂತ ಹೇಳಿ ಬಂದೆ.