ಮದರಾಸು ಹೈಕೋರ್ಟ್ ಅಂಗಳದ ದೀಪಸ್ತಂಭ ಏಕೆ ಬೆಳಗುವುದಿಲ್ಲ?

ಪ್ರಶ್ನೆ: ಶಾಲಾ ಪ್ರವಾಸದಲ್ಲಿ ಚೆನ್ನೈಗೆ ಹೋಗಿದ್ದಾಗ ಹೈಕೋರ್ಟ್ ಆವರಣದಲ್ಲಿ ಎತ್ತರವಾದ ಕಲ್ಲಿನ ದೀಪಸ್ತಂಭವೊಂದನ್ನು ಕಂಡೆವು. ಅದರಲ್ಲಿ ದೀಪವಿಲ್ಲ. ಅಷ್ಟು ಗಟ್ಟಿಯಾದ ಕಟ್ಟಡವನ್ನು ಕೈಬಿಟ್ಟದ್ದೇಕೆ?
— ಶಿಕ್ಷಕರೊಬ್ಬರು, ಮಂಡ್ಯ

ಉತ್ತರ: ಕಂಬ ಶಿಥಿಲವಾಯಿತೆಂದು ದೀಪ ಆರಿಸಿದ್ದಲ್ಲ, ಪಕ್ಕದಲ್ಲೇ ಅದಕ್ಕಿಂತ ಎತ್ತರದ ಗೋಪುರ ಎದ್ದುದರಿಂದ ದೀಪ ಅಲ್ಲಿಗೆ ಸ್ಥಳಾಂತರಗೊಂಡಿತು.

ಚಾಮುಂಡಿ ಬೆಟ್ಟದ ದೀಪಗಳನ್ನು ಕಂಡು ಮೈಸೂರು ಯಾವ ದಿಕ್ಕಿಗಿದೆ ಎಂದು ದೂರದಿಂದಲೇ ಅರಿಯುವ ಅನುಕೂಲ ನಮಗಿದೆ. ಮದರಾಸಿನ ತೀರವೋ ಸಮತಟ್ಟು. ರಾತ್ರಿಯಲ್ಲಿ ಗುರುತು ಹಿಡಿಯಲು ದಡದಲ್ಲೊಂದು ಗುಡ್ಡವಿಲ್ಲ. ಸಹಜ ಬಂದರೂ ಇಲ್ಲದ ಕಾರಣ ಹಡಗುಗಳು ತೆರೆದ ಕಡಲಿನಲ್ಲೇ ಲಂಗರು ಹಾಕಬೇಕಿತ್ತು. ಹೀಗಾಗಿ 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ವರ್ತಕರು ವ್ಯವಹಾರಕ್ಕೆ ಸೇರುತ್ತಿದ್ದ ಎಕ್ಸ್‌ಚೇಂಜ್ ಕಟ್ಟಡದ ಮಾಳಿಗೆಯ ಮೇಲೆ ತೆಂಗಿನೆಣ್ಣೆಯ ದೀಪಗಳನ್ನು ಇಡಲಾಯಿತು. ನೀವು ಕಂಡ ಕಂಬವನ್ನೇ ನಗರದ ಮೊದಲ ದೀಪಸ್ತಂಭವೆಂದು ಹಲವರು ತಿಳಿದಿದ್ದಾರೆ; ವಾಸ್ತವದಲ್ಲಿ ಅದು ಎರಡನೆಯದು. ಪ್ರಾಚೀನ ಗ್ರೀಕರ ಡೋರಿಕ್ ಶೈಲಿಯ, ಸುಮಾರು 38 ಮೀಟರ್ ಎತ್ತರದ ಈ ಕಲ್ಲುಕಂಬ 1844ರಲ್ಲಿ ಬೆಳಗತೊಡಗಿತು.

ಇಲ್ಲಿ ಎತ್ತರಕ್ಕೆ ಅಷ್ಟೊಂದು ಬೆಲೆ ಬಂದದ್ದು ಭೂಮಿ ದುಂಡಗಿರುವುದರಿಂದ. ದೀಪ ಎಷ್ಟೇ ಪ್ರಖರವಾಗಿದ್ದರೂ ಅದು ದಿಗಂತದಿಂದ ಕೆಳಗೆ ಮರೆಯಾದರೆ ನಾವಿಕನಿಗೆ ಕಾಣದು. ನೀರಿನ ಮಟ್ಟದಿಂದ ನೋಡುವವನಿಗೆ 25 ಮೀಟರ್ ಎತ್ತರದ ದೀಪ ಸುಮಾರು 18 ಕಿಲೋಮೀಟರ್‌ವರೆಗೂ, 49 ಮೀಟರ್ ಎತ್ತರದ್ದು ಸುಮಾರು 25 ಕಿಲೋಮೀಟರ್‌ವರೆಗೂ ಕಾಣುತ್ತದೆ. ಅಂದರೆ ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ನಿಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 1892ರಲ್ಲಿ ಹೈಕೋರ್ಟಿನ ಕೆಂಪು ಕಟ್ಟಡ ಪೂರ್ಣಗೊಂಡಾಗ ಅದರ ಮುಖ್ಯ ಗೋಪುರ ಕಲ್ಲುಕಂಬವನ್ನು ಮೀರಿ ನಿಂತಿತ್ತು. ಕಣ್ಣೆದುರಿಗೇ ಇರುವ ಎತ್ತರವನ್ನು ಬಳಸಿಕೊಂಡದ್ದು ನನ್ನ ದೃಷ್ಟಿಯಲ್ಲಿ ಅತ್ಯಂತ ವಿವೇಕದ ತೀರ್ಮಾನ. 1894ರಿಂದ ನ್ಯಾಯಾಲಯದ ನೆತ್ತಿಯೇ ಮದರಾಸಿನ ಮೂರನೆಯ ಲೈಟ್‌ಹೌಸ್ ಆಯಿತು.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮದರಾಸಿನ ಮೇಲೆ ಗುಂಡಿನ ಮಳೆಗರೆದಾಗ ಹೈಕೋರ್ಟಿನ ಆವರಣ ಗೋಡೆಗೂ ಪೆಟ್ಟಾಯಿತು; ಅದರ ನೆನಪಿನ ಫಲಕ ಇಂದಿಗೂ ಅಲ್ಲಿದೆ.

ಮರೀನಾ ಕಡಲತೀರದ ಈಗಿನ ಲೈಟ್‌ಹೌಸ್ 1977ರಲ್ಲಿ ಕೆಲಸ ಆರಂಭಿಸಿದ ಮೇಲೆ ಹೈಕೋರ್ಟ್ ಗೋಪುರದ ದೀಪಕ್ಕೂ ವಿಶ್ರಾಂತಿ ದೊರೆಯಿತು. ಮುಂದಿನ ಬಾರಿ ಮಕ್ಕಳನ್ನು ಕರೆದೊಯ್ಯುವಾಗ ಕೋಟೆಯ ವಸ್ತುಸಂಗ್ರಹಾಲಯದಿಂದ ಆರಂಭಿಸಿ, ಏಕೆಂದರೆ ಅದು ಇರುವುದೇ ಆ ಹಳೆಯ ಎಕ್ಸ್‌ಚೇಂಜ್ ಕಟ್ಟಡದಲ್ಲಿ. ಅಲ್ಲಿಂದ ಹೈಕೋರ್ಟ್, ಕೊನೆಗೆ ಮರೀನಾ ಎಂಬ ಕ್ರಮದಲ್ಲಿ ಹೋದರೆ ನಾಲ್ಕೂ ನೆಲೆಗಳನ್ನು ಕಾಲಾನುಕ್ರಮದಲ್ಲೇ ತೋರಿಸಬಹುದು.