ಗಾಳಿ ಒಂದೇ ಸಮನೆ ಬೀಸಿದರೂ ಬಾವುಟ ಪಟಪಟ ಬಡಿಯುವುದು ಯಾಕೆ?

ಪ್ರಶ್ನೆ: ಗಾಳಿಯ ವೇಗ ಬದಲಾಗದಿದ್ದರೂ ಬಾವುಟ, ಎಲೆಗಳು ಪಟಪಟ ಬಡಿದುಕೊಳ್ಳುತ್ತವಲ್ಲ, ಯಾಕೆ? ಸೇತುವೆ ಬೀಳಿಸುವ ‘ಫ್ಲಟರ್’ ಅನ್ನುವುದೂ ಇದೇನಾ?

ಉತ್ತರ: ಹೌದು, ಒಂದೇ ಕುಟುಂಬ. ಉಯ್ಯಾಲೆ ಜೋರಾಗಬೇಕಾದರೆ ಯಾರಾದರೂ ಸರಿಯಾದ ಹೊತ್ತಿಗೆ ತಳ್ಳುತ್ತಿರಬೇಕು, ಅಲ್ವಾ? ಅದು ಅನುರಣನೆ. ಫ್ಲಟರ್‌ಗೆ ಹಾಗೆ ತಳ್ಳುವವರು ಬೇಡ. ವಸ್ತು ಸ್ವಲ್ಪ ಬಾಗಿದರೂ ಸುತ್ತಲಿನ ಗಾಳಿಯ ಒತ್ತಡ ಬದಲಾಗುತ್ತದೆ. ಆ ಒತ್ತಡ ಮತ್ತೆ ವಸ್ತುವನ್ನೇ ಅಲುಗಿಸುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಅದು ಗಾಳಿಯಿಂದ ಒಂದಿಷ್ಟು ಶಕ್ತಿ ಎಳೆದುಕೊಳ್ಳುತ್ತದೆ. ಒಳಗಿನ ಘರ್ಷಣೆಯಲ್ಲಿ ಕಳೆದುಹೋಗುವುದಕ್ಕಿಂತ ಇದು ಜಾಸ್ತಿಯಾದರೆ ಅಲುಗಾಟ ತಾನಾಗಿ ಬೆಳೆಯುತ್ತದೆ. ಅದಕ್ಕೇ ಒಂದು ವೇಗದವರೆಗೆ ಎಲ್ಲವೂ ಶಾಂತ, ಅದನ್ನು ದಾಟಿದರೆ ಶುರು.

ಆಸ್ಪೆನ್ ಮರದ ಎಲೆ ಸಣ್ಣ ಗಾಳಿಗೂ ನಡುಗುತ್ತದೆ. ಅದರ ತೊಟ್ಟು ದುಂಡಗಿಲ್ಲ, ಚಪ್ಪಟೆ. ಅದೂ ಎಲೆಯ ಹಾಳೆಗೆ ಅಡ್ಡಲಾಗಿ ಚಪ್ಪಟೆ. ಹಾಗಾಗಿ ಪಕ್ಕಕ್ಕೆ ಸುಲಭವಾಗಿ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಮೇಲಿನ ಎಲೆಗಳು ಹೀಗೆ ಆಡುವಾಗ ಕೆಳಗಿನವುಗಳಿಗೂ ಬಿಟ್ಟು ಬಿಟ್ಟು ಬಿಸಿಲು ಸಿಗುತ್ತದೆ.

ಇನ್ನು ಸೇತುವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆ 1940ರ ಜುಲೈನಲ್ಲಿ ತೆರೆಯಿತು, ನವೆಂಬರ್ 7ರಂದು ಬಿತ್ತು. ಆಗ ಗಾಳಿಯ ವೇಗ ಗಂಟೆಗೆ ಸುಮಾರು 65 ಕಿ.ಮೀ. ಅನುರಣನೆಯೇ ಕಾರಣ ಎಂದು ಎಷ್ಟೋ ಪಠ್ಯಪುಸ್ತಕಗಳು ಇಂದಿಗೂ ಹೇಳುತ್ತವೆ. ಆದರೆ ಅಂದಿನ ಲೆಕ್ಕ ಬೇರೆಯೇ ಹೇಳುತ್ತದೆ. ಬೆಳಿಗ್ಗೆ ಸೇತುವೆ ನಿಮಿಷಕ್ಕೆ 38 ಸಲದಂತೆ ಮೇಲೆ ಕೆಳಗೆ ಆಡುತ್ತಿತ್ತು. ಹತ್ತು ಗಂಟೆ ಸುಮಾರಿಗೆ ನಡುವೆ ಕೇಬಲ್ ಹಿಡಿದಿದ್ದ ಪಟ್ಟಿ ಜಾರಿತು. ತಕ್ಷಣ ಆಟವೇ ಬದಲಾಗಿ ಇಡೀ ರಸ್ತೆ ಎಡಕ್ಕೂ ಬಲಕ್ಕೂ ತಿರುಚಿಕೊಳ್ಳತೊಡಗಿತು, ಐದು ಸೆಕೆಂಡಿಗೆ ಸುಮಾರು ಒಂದು ಸಲ. ಅನುರಣನೆಯಾಗಿದ್ದರೆ ಸೇತುವೆಯನ್ನು ಹೊತ್ತಿಗೆ ಸರಿಯಾಗಿ ತಳ್ಳಬೇಕಾದದ್ದು ಅದರ ಹಿಂದೆ ಏಳುವ ಗಾಳಿಯ ಸುಳಿಗಳು. ಅಷ್ಟು ಗಾಳಿಗೆ ಅವು ಹುಟ್ಟಬೇಕಾದದ್ದು ಸೆಕೆಂಡಿಗೆ ಸುಮಾರು ಒಂದು. ಎರಡಕ್ಕೂ ತಾಳೆಯೇ ಇಲ್ಲ! ಅಂದರೆ ತಿರುಚಾಟವೇ ತನಗೆ ಬೇಕಾದ ಶಕ್ತಿಯನ್ನು ಗಾಳಿಯಿಂದ ಎಳೆದುಕೊಳ್ಳುತ್ತಿತ್ತು. ಬದಿಗಳಲ್ಲಿದ್ದ 2.4 ಮೀಟರ್ ಎತ್ತರದ ಗಟ್ಟಿ ಉಕ್ಕಿನ ಗೋಡೆಯಂಥ ತೊಲೆಗಳೊಳಗೆ ಗಾಳಿ ತೂರಲು ಜಾಗವೇ ಇರಲಿಲ್ಲ. 1950ರ ಹೊಸ ಸೇತುವೆಗೆ ಗಾಳಿ ಹಾಯುವ ಜಾಲರಿ ತೊಲೆಗಳನ್ನು ಕೂಡಿಸಿದರು, ರಸ್ತೆಯ ನಡುವೆಯೂ ಸೀಳುಗಳನ್ನು ಬಿಟ್ಟರು.

ವಿಮಾನದ ರೆಕ್ಕೆಗೂ ಇದೇ ಭಯ. ಸುಮ್ನೆ ದಪ್ಪ ಮಾಡಿದರೆ ತೂಕ ಏರುತ್ತದೆ. ಅದಕ್ಕೇ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಪಟ್ಟಿಗಳ ಕೀಲಿನ ಮುಂದೆ ಭಾರ ಇಟ್ಟು ಸಮತೋಲನ ಮಾಡುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನವಾದರೆ, ವಿನ್ಯಾಸದ ಗರಿಷ್ಠ ವೇಗಕ್ಕಿಂತ 15% ಜಾಸ್ತಿಯಲ್ಲೂ ಫ್ಲಟರ್ ಬರುವುದಿಲ್ಲ ಎಂದು ತೋರಿಸಲೇಬೇಕು.